ಹೊಟ್ಟೆಯ ಮೇಲಿನ ಎರಡು ಗಂಟು: ಇನ್ಸುಲಿನ್ ಡೋಸ್ ಏರುತ್ತಲೇ ಹೋದ ಒಂದು ಪ್ರಕರಣ

ಮಧ್ಯ ಕರ್ನಾಟಕದ ಒಂದು ತಾಲೂಕು ಊರಿನ ಕ್ಲಿನಿಕ್‌ನಲ್ಲಿ ನಾನು ನರ್ಸ್. ನಮ್ಮಲ್ಲಿಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಜಾಸ್ತಿ. ಡಾಕ್ಟರು ಚೀಟಿ ಬರೆದ ಮೇಲೆ ಅವರು ನನ್ನ ಟೇಬಲ್ಲಿಗೆ ಬರುತ್ತಾರೆ. ಸೂಜಿ ಹೇಗೆ ಚುಚ್ಚಿಕೊಳ್ಳಬೇಕು, ಔಷಧಿ ಎಲ್ಲಿಡಬೇಕು, ಶುಗರ್ ಇಳಿದರೆ ಏನು ಮಾಡಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ.

ಇಲ್ಲಿ ಬರೆಯುತ್ತಿರುವುದು ಒಬ್ಬರೇ ರೋಗಿಯ ಕಥೆ. ಅವರನ್ನು ಗಂಗಮ್ಮ ಅನ್ನೋಣ. ಅದು ಅವರ ನಿಜವಾದ ಹೆಸರಲ್ಲ. ಮನೆಯವರ ವಿವರಗಳನ್ನೂ ಬದಲಿಸಿದ್ದೇನೆ. ಒಂದನ್ನು ಮಾತ್ರ ಅವರ ಒಪ್ಪಿಗೆ ಕೇಳಿ ಹಾಗೇ ಉಳಿಸಿಕೊಂಡಿದ್ದೇನೆ: ಅವರು ಹೂ ಕಟ್ಟಿ ಮಾರುವವರು. ಅದನ್ನು ಬಿಟ್ಟರೆ ಈ ಕಥೆ ಹೇಳಲು ನನಗೆ ಬರುವುದಿಲ್ಲ.

ಬಂದಾಗ ಹೇಗಿದ್ದರು

ಗಂಗಮ್ಮನಿಗೆ 58 ವರ್ಷ, ತೂಕ 61 ಕೆ.ಜಿ. ಬೆಳಗಿನ ಜಾವ 4ಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕಾಕಡ, ಸೇವಂತಿಗೆ ತರುತ್ತಾರೆ. ದೇವಸ್ಥಾನದ ಮುಂದೆ ಕೂತು ಮಧ್ಯಾಹ್ನದವರೆಗೂ ಕಟ್ಟಿ ಮಾರುತ್ತಾರೆ. ಸಕ್ಕರೆ ಕಾಯಿಲೆ ಬಂದು 14 ವರ್ಷ. ಮೊದಲ 10 ವರ್ಷ ಮಾತ್ರೆಯಲ್ಲೇ ನಡೆಯಿತು. ಆಮೇಲೆ ಮಾತ್ರೆ ಸಾಲದಾಯಿತು, ಬೇರೆ ಊರಿನಲ್ಲಿ ಇನ್ಸುಲಿನ್ ಶುರು ಮಾಡಿದರು. 30/70 ಅಂತ ಕರೆಯುವ ಮಿಶ್ರ ಇನ್ಸುಲಿನ್. ಅದರಲ್ಲಿ 30 ಪಾಲು ಬೇಗ ಕೆಲಸ ಮಾಡುವುದು, 70 ಪಾಲು ನಿಧಾನಕ್ಕೆ ಕೆಲಸ ಮಾಡುವುದು. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು 14 ಯೂನಿಟ್, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು 10 ಯೂನಿಟ್.

ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಬೆಳಿಗ್ಗೆ 34, ರಾತ್ರಿ 28 ಆಗಿತ್ತು. 24 ಯೂನಿಟ್ ಇದ್ದದ್ದು ನಾಲ್ಕು ವರ್ಷದಲ್ಲಿ 62ಕ್ಕೆ ಏರಿತ್ತು. ಪ್ರತಿ ಸಲ ತೋರಿಸಲು ಹೋದಾಗಲೂ ಶುಗರ್ ಜಾಸ್ತಿ ಇರುತ್ತಿತ್ತು, ಪ್ರತಿ ಸಲವೂ ಎರಡೋ ನಾಲ್ಕೋ ಯೂನಿಟ್ ಏರಿಸುತ್ತಿದ್ದರು. ಅಷ್ಟಾದರೂ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, 10.4 ಬಂದಿತ್ತು. ಅವರಿಗೆ ಡಾಕ್ಟರು ಹೇಳಿದ್ದ ಗುರಿ 7.5ರ ಆಸುಪಾಸು.

ಬರೀ ಜಾಸ್ತಿ ಇದ್ದಿದ್ದರೆ ಬೇರೆ ಮಾತು. ಅವರ ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಖಾಲಿ ಹೊಟ್ಟೆಯ ಶುಗರ್ ಬರೆದಿಟ್ಟಿದ್ದಳು. ಸೋಮವಾರ 262. ಮಂಗಳವಾರ 96. ಬುಧವಾರ 231. ಗುರುವಾರ 118. ಹಿಂದಿನ ರಾತ್ರಿಗಳ ಊಟ ಒಂದೇ: ರಾಗಿ ಮುದ್ದೆ, ಸೊಪ್ಪಿನ ಸಾರು. ಡೋಸೂ ಒಂದೇ, ಹೊತ್ತೂ ಒಂದೇ. ಆದರೂ ಒಂದು ದಿನ ಬೆಟ್ಟ, ಒಂದು ದಿನ ಬಯಲು.

ಮನೆಯಲ್ಲಿ ಇದಕ್ಕೆ ಒಂದು ಉತ್ತರ ಸಿದ್ಧವಾಗಿತ್ತು. ಮಗ ನನ್ನ ಹತ್ತಿರ ಮೆಲ್ಲಗೆ ಹೇಳಿದ: "ದೇವಸ್ಥಾನದ ಮುಂದೆ ಕೂರ್ತಾರಲ್ಲ ಸಿಸ್ಟರ್, ಪ್ರಸಾದ ಅಂತ ಯಾರೋ ಏನೋ ಕೊಡ್ತಾರೆ. ಬೇಡ ಅನ್ನಕ್ಕೆ ಆಗಲ್ಲ ಅವ್ರಿಗೆ." ಗಂಗಮ್ಮನಿಗೆ ಅದು ಕೇಳಿಸಿತು. ಅವರು ಏನೂ ಅನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡಿಕೊಂಡು ಕೂತರು. ತಪ್ಪು ಮಾಡದವರು ಬೈಸಿಕೊಂಡು ಬೈಸಿಕೊಂಡು ಕೊನೆಗೆ ಹಾಗೆ ಕೂರುವುದನ್ನು ಆಮೇಲೆ ಎಷ್ಟೋ ರೋಗಿಗಳಲ್ಲಿ ನೋಡಿದ್ದೇನೆ. ಅವತ್ತು ನನಗೆ ಅದು ಹೊಳೆಯಲಿಲ್ಲ.

ಮೊದಲ ಐದು ವಾರ ಮಾಡಿದ್ದು

ನಾವೂ ಎಲ್ಲರೂ ಮಾಡುವುದನ್ನೇ ಮಾಡಿದೆವು. ಊಟದ ಪಟ್ಟಿ ಬರೆದುಕೊಟ್ಟೆ. ಪ್ರಸಾದ ಕಣ್ಣಿಗೊತ್ತಿಕೊಂಡು ಮೊಮ್ಮಗನಿಗೆ ಕೊಡಿ ಅಂದೆ. "ನಾನು ತಿನ್ನೋದೇ ಇಲ್ಲ ತಾಯಿ" ಅಂದರು. ಎಲ್ಲರೂ ಹಾಗೇ ಹೇಳುತ್ತಾರೆ ಅಂತ ನಾನು ಅಂದುಕೊಂಡೆ. ಎರಡು ವಾರದ ನಂತರವೂ ನೋಟ್‌ಬುಕ್ ಹಾಗೇ ಇತ್ತು. ಡಾಕ್ಟರು ಎರಡು ಹೊತ್ತಿಗೂ 2 ಯೂನಿಟ್ ಏರಿಸಿದರು. ಈಗ ಬೆಳಿಗ್ಗೆ 36, ರಾತ್ರಿ 30. ಒಟ್ಟು 66.

ಆಮೇಲೆ ಔಷಧಿಯೇ ಕೆಟ್ಟಿರಬಹುದಾ ಅನ್ನಿಸಿತು. ಮನೆಯದು ಒಂದೇ ಬಾಗಿಲಿನ ಚಿಕ್ಕ ಫ್ರಿಜ್. ಬಾಟಲಿಯನ್ನು ಫ್ರೀಜರ್ ಪೆಟ್ಟಿಗೆಗೆ ತಾಗಿಸಿ ಇಡುತ್ತಿದ್ದರು, ಜಾಸ್ತಿ ತಣ್ಣಗಿದ್ದಷ್ಟೂ ಒಳ್ಳೆಯದು ಅಂತ. ಅಲ್ಲಿ ಇನ್ಸುಲಿನ್ ಹೆಪ್ಪುಗಟ್ಟುವ ಅಪಾಯ ಇದೆ. ಒಂದು ಸಲ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಬಿಸಾಡಬೇಕು. ಹೊಸ ಬಾಟಲಿ ತರಿಸಿ ಫ್ರಿಜ್ಜಿನ ಬಾಗಿಲಲ್ಲಿ ಇಡಲು ಹೇಳಿದೆ. ಸಿರಿಂಜ್ ನೋಡಿದೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. 100 ಯೂನಿಟ್‌ನ ಔಷಧಿಗೆ ಕಿತ್ತಳೆ ಮುಚ್ಚಳದ್ದು. ಇವೆರಡು ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಗಂಗಮ್ಮನದು ಕೆಂಪು ಮುಚ್ಚಳ, ಸರಿಯಾಗಿಯೇ ಇತ್ತು.

ಹೊಸ ಬಾಟಲಿ ಬಂದ ಮೇಲೂ ಒಂದು ದಿನ 240, ಮಾರನೇ ದಿನ 102.

ಎದುರಿಗೇ ಚುಚ್ಚಿಕೊಂಡ ದಿನ

ಐದನೇ ವಾರ ಅವರು ಬಂದಿದ್ದು ಸಂಜೆ. ತುಂಬಾ ಜನ ಇದ್ದರು, ತಡವಾಯಿತು. "ಸಿಸ್ಟರ್, ಮನೆಗೆ ಹೋಗೋಷ್ಟರಲ್ಲಿ ಊಟದ ಹೊತ್ತಾಗುತ್ತೆ. ಇಲ್ಲೇ ಚುಚ್ಕೊಂಡು ಹೋಗ್ಲಾ? ಮನೆ ಐದೇ ನಿಮಿಷ" ಅಂತ ಕೇಳಿದರು. ಸೊಸೆಯ ಬ್ಯಾಗಿನಲ್ಲಿ ಬಾಟಲಿ, ಸಿರಿಂಜ್ ಎರಡೂ ಇತ್ತು. ಸರಿ ಅಂತ ಪರದೆ ಎಳೆದೆ. ಆ ಸಂಜೆ ಅವರು ಕೇಳದೇ ಇದ್ದಿದ್ದರೆ ಇನ್ನೂ ನಾಲ್ಕು ಯೂನಿಟ್ ಏರಿಸಿ ಕಳಿಸುತ್ತಿದ್ದೆವೋ ಏನೋ.

ಬಾಟಲಿ ತೆಗೆದರು. ಮಿಶ್ರ ಇನ್ಸುಲಿನ್ ನಿಂತಲ್ಲೇ ನಿಂತರೆ ಬಿಳಿ ಪುಡಿ ತಳಕ್ಕೆ ಕೂತು ಮೇಲೆ ತಿಳಿ ನೀರು ನಿಲ್ಲುತ್ತದೆ. ಅವರು ಅದನ್ನು ಒಂದು ಸಲ ಬಗ್ಗಿಸಿ, ಹಾಗೇ ಸಿರಿಂಜಿಗೆ ಎಳೆದರು. ಸೂಜಿಯ ಮುಚ್ಚಳದ ಗುರುತು ಅಳಿಸಿಹೋಗಿತ್ತು. ಎಷ್ಟು ದಿನದಿಂದ ಇದೇ ಸೂಜಿ ಅಂತ ಕೇಳಿದೆ. "ಹತ್ತು ದಿನ ಆಗಿರಬೇಕು" ಅಂದರು. ಆಮೇಲೆ ಸೀರೆಯ ನೆರಿಗೆ ಸ್ವಲ್ಪ ಕೆಳಗೆ ಸರಿಸಿ, ಕಣ್ಣಿಂದ ನೋಡದೆಯೇ, ಹೊಕ್ಕುಳಿನ ಬಲಗಡೆ ಒಂದು ಜಾಗಕ್ಕೆ ಚುಚ್ಚಿಕೊಂಡರು. ಕತ್ತಲಲ್ಲಿ ಸ್ವಿಚ್ಚು ಹುಡುಕುವ ಕೈಯ ಹಾಗೆ ಅವರ ಕೈ ನೇರವಾಗಿ ಅಲ್ಲಿಗೇ ಹೋಯಿತು.

ಅಲ್ಲಿ ಚರ್ಮ ಸ್ವಲ್ಪ ಉಬ್ಬಿತ್ತು. ಮಲಗಿಸಿ, ಬೆರಳಿಗೆ ಸ್ಕ್ಯಾನಿಂಗ್ ಜೆಲ್ ಸವರಿಕೊಂಡು ಮೆಲ್ಲಗೆ ಒತ್ತಿ ನೋಡಿದೆ. ಬೆರಳು ಜಾರುತ್ತಾ ಹೋಗಿ ಒಂದು ಕಡೆ ತಡೆಯಿತು. ಅರ್ಧ ನಿಂಬೆಹಣ್ಣನ್ನು ಬೋರಲು ಹಾಕಿದಷ್ಟು ದೊಡ್ಡದು, ರಬ್ಬರಿನ ಹಾಗೆ ಗಟ್ಟಿ. ಎಡಗಡೆ ಇನ್ನೊಂದು, ಅದಕ್ಕಿಂತ ಸ್ವಲ್ಪ ಚಿಕ್ಕದು. ಪಕ್ಕದ ಚರ್ಮವನ್ನು ಚಿಟಿಕೆಯಲ್ಲಿ ಎತ್ತಿದರೆ ತೆಳ್ಳಗೆ ಬರುತ್ತಿತ್ತು. ಗಂಟಿನ ಮೇಲಿನ ಚರ್ಮ ಚಿಟಿಕೆಗೆ ಸಿಗುತ್ತಲೇ ಇರಲಿಲ್ಲ.

"ಇಲ್ಲೇ ಯಾಕಮ್ಮ ಚುಚ್ಕೋತೀರಾ?"

"ಇಲ್ಲಿ ನೋವೇ ಆಗಲ್ಲ ಸಿಸ್ಟರ್. ಬೇರೆ ಕಡೆ ಚುಳ್ ಅನ್ನುತ್ತೆ. ಬೆಳಿಗ್ಗೆ ಎಡಗಡೆ, ರಾತ್ರಿ ಬಲಗಡೆ. ನಾಲ್ಕು ವರ್ಷದಿಂದ ಹಂಗೇ."

ನಾಲ್ಕು ವರ್ಷ ದಿನಕ್ಕೆ ಎರಡು ಸಲ ಅಂದರೆ ಸುಮಾರು 2,900 ಸೂಜಿ. ಎಲ್ಲವೂ ಎರಡೇ ಜಾಗಕ್ಕೆ. ಐದು ವಾರ ನಮ್ಮ ಕ್ಲಿನಿಕ್‌ಗೆ ಬಂದರೂ ಅವರ ಹೊಟ್ಟೆಯನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅವರ ಊಟ ಕೇಳಿದ್ದೆ, ಫ್ರಿಜ್ ಕೇಳಿದ್ದೆ, ಪ್ರಸಾದ ಕೇಳಿದ್ದೆ. ಅವತ್ತು ರಾತ್ರಿ ನನಗೆ ಅದೇ ಕೊರೆಯುತ್ತಿತ್ತು. ನಾಲ್ಕು ಜನರ ಎದುರು ಒಬ್ಬ ಹೆಂಗಸನ್ನು ಕಳ್ಳತನದಲ್ಲಿ ತಿನ್ನುವವಳು ಅಂತ ಮಾಡಿಬಿಟ್ಟಿದ್ದೆವಲ್ಲ.

ಹೂವಿನ ಸರ

ಮಾರನೇ ದಿನ ಗಂಗಮ್ಮನನ್ನೂ ಸೊಸೆಯನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. "ಜಾಗ ಬದಲಾಯಿಸಿ" ಅಂದುಬಿಟ್ಟರೆ ಎರಡು ದಿನ ಕೇಳಿ ಮೂರನೇ ದಿನ ನೋವಿಲ್ಲದ ಜಾಗಕ್ಕೇ ವಾಪಸ್ ಹೋಗುತ್ತಾರೆ. ಹಾಗೆ ಆಗುವುದನ್ನು ನೋಡಿದ್ದೇನೆ. ಈ ಔಷಧಿ ಏನು, ಮೈಯೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಗೊತ್ತಾದರೆ ಮಾತ್ರ ನೋವು ತಡೆದುಕೊಳ್ಳಲು ಒಂದು ಕಾರಣ ಸಿಗುತ್ತದೆ.

ಸೊಸೆ ಮೊದಲು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ: "ಇದನ್ನೇ ಮಾತ್ರೆ ಮಾಡಿ ಕೊಡಬಾರದಾ?"

ಗಂಗಮ್ಮನ ಬುಟ್ಟಿಯಲ್ಲಿ ಮಲ್ಲಿಗೆ ಮೊಗ್ಗಿತ್ತು. ಅದನ್ನೇ ಕೇಳಿ ತೆಗೆದುಕೊಂಡೆ. ಪ್ರೋಟೀನು, ಪೆಪ್ಟೈಡು ಅಂದರೆ ಅಮೈನೋ ಆಮ್ಲ ಅನ್ನುವ ಮೊಗ್ಗುಗಳನ್ನು ಒಂದರ ಪಕ್ಕ ಒಂದು ಕಟ್ಟಿದ ಸರ. ಮಾರುಗಟ್ಟಲೆ ಉದ್ದ ಇದ್ದರೆ ಪ್ರೋಟೀನ್, ಮೊಳದಷ್ಟು ಗಿಡ್ಡ ಇದ್ದರೆ ಪೆಪ್ಟೈಡ್. ಇನ್ಸುಲಿನ್‌ನಲ್ಲಿ 51 ಮೊಗ್ಗು. ಎರಡು ಸರ, ಒಂದರಲ್ಲಿ 21, ಇನ್ನೊಂದರಲ್ಲಿ 30. ಎರಡನ್ನೂ ಎರಡು ಕಡೆ ಗಂಟು ಹಾಕಿ ಜೋಡಿಸಿದೆ. ಚಿಕ್ಕ ಸರದೊಳಗೇ ಮತ್ತೊಂದು ಗಂಟು. ಯಾವ ಮೊಗ್ಗಿನ ಪಕ್ಕ ಯಾವ ಮೊಗ್ಗು ಅನ್ನುವ ಕ್ರಮವನ್ನು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ವರ್ಷಗಟ್ಟಲೆ ಕೂತು 1955ರ ಹೊತ್ತಿಗೆ ಪೂರ್ತಿ ಓದಿದರು, 1958ರಲ್ಲಿ ಅದಕ್ಕೆ ನೊಬೆಲ್ ಬಂತು. ಆ ಕ್ರಮ, ಆ ಮಡಿಕೆ ಸರಿಯಾಗಿದ್ದರೆ ಮಾತ್ರ ಮೈ ಅದನ್ನು ಗುರುತಿಸುತ್ತದೆ.

"ಈಗ ಈ ಸರ ನುಂಗಿದ್ರೆ ಏನಾಗುತ್ತೆ ಹೇಳಿ" ಅಂದೆ.

"ಬಿಚ್ಚಿ ಹೋಗುತ್ತೆ" ಅಂದರು ಗಂಗಮ್ಮ.

ಅಷ್ಟೇ ವಿಷಯ. ಬೇಳೆ ಸಾರಿನಲ್ಲಿರುವ ಪ್ರೋಟೀನನ್ನೂ ಇನ್ಸುಲಿನ್ನನ್ನೂ ಹೊಟ್ಟೆ ಒಂದೇ ಥರ ನೋಡುತ್ತದೆ. ಜಠರದ ಆಮ್ಲ ಮಡಿಕೆ ಬಿಡಿಸುತ್ತದೆ. ಪೆಪ್ಸಿನ್, ಟ್ರಿಪ್ಸಿನ್ ಥರದ ರಸಗಳು ಸರವನ್ನು ತುಂಡು ತುಂಡು ಮಾಡುತ್ತವೆ. ಕೊನೆಗೆ ಬಿಡಿ ಮೊಗ್ಗು ಉಳಿಯುತ್ತವೆ, ಸರ ಉಳಿಯುವುದಿಲ್ಲ. ಅದಕ್ಕೇ ಇನ್ಸುಲಿನ್ ಹೊಟ್ಟೆಯ ದಾರಿ ತಪ್ಪಿಸಿ ಚರ್ಮದ ಕೆಳಗಿಂದ ಒಳಗೆ ಹೋಗಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹುಡುಗನಿಗೆ ಮೊದಲ ಸಲ ಕೊಟ್ಟಾಗಲೂ ಸೂಜಿಯಲ್ಲೇ ಕೊಟ್ಟಿದ್ದು. ಮೊದಲ ದಿನದ ಔಷಧಿ ಶುದ್ಧ ಇರಲಿಲ್ಲ, ಚುಚ್ಚಿದ ಜಾಗ ಊದಿಕೊಂಡಿತು. ಇನ್ನಷ್ಟು ಶುದ್ಧ ಮಾಡಿ 12 ದಿನ ಬಿಟ್ಟು ಕೊಟ್ಟಾಗ ಶುಗರ್ ಇಳಿಯಿತು. ಅದಕ್ಕೆ ಮುಂಚೆ ಆ ಥರದ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಈ ಹುಡುಗನ ಕಥೆಯನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ನಮ್ಮ ಕಡೆ ಇನ್ಸುಲಿನ್ ಅಂದರೆ ಕೊನೆಗಾಲ ಬಂತು ಅಂತ ಹೆದರುವವರು ಈಗಲೂ ಇದ್ದಾರೆ.

ಗಂಗಮ್ಮ ಮತ್ತೊಂದು ಕೇಳಿದರು. ಇದು ಪ್ರಾಣಿಯಿಂದ ತೆಗೆದದ್ದಾ ಅಂತ. ಸೋಮವಾರ, ಶನಿವಾರ ಅವರು ಮಾಂಸ ಮುಟ್ಟುವುದಿಲ್ಲ, ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಈ ಅನುಮಾನ ಇಟ್ಟುಕೊಂಡಿದ್ದರು. ಹಿಂದೆ ಹಸು, ಹಂದಿಯ ಮೇದೋಜೀರಕದಿಂದ ತೆಗೆಯುತ್ತಿದ್ದರು. ಮನುಷ್ಯರ ಇನ್ಸುಲಿನ್ ತಯಾರಿಸುವ ಸೂಚನೆಯನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸುವ ವಿಧಾನ ಬಂದು, ಅಂಥ ಇನ್ಸುಲಿನ್‌ಗೆ ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಅವರ ಕೈಯಲ್ಲಿದ್ದ ಬಾಟಲಿ ಅಂಥದ್ದೇ. ಹೇಳಿದ ತಕ್ಷಣ ಅವರ ಮುಖ ಸಡಿಲವಾಯಿತು.

ಚರ್ಮದ ಕೆಳಗೆ ನಡೆಯುವುದು

ಈ ಪ್ರಕರಣಕ್ಕೆ ಬೇಕಾದ ಮುಖ್ಯ ಭಾಗ ಇದು.

ಸೂಜಿ ಇನ್ಸುಲಿನ್ನನ್ನು ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಬಿಡುತ್ತದೆ. ಬಾಟಲಿಯಲ್ಲಿ ಇನ್ಸುಲಿನ್ ಒಂಟಿಯಾಗಿ ಇರುವುದಿಲ್ಲ. ಸತುವಿನ ಸುತ್ತ ಆರಾರು ಕೂಡಿಕೊಂಡು ಗುಂಪಾಗಿರುತ್ತದೆ. ಆ ಗುಂಪು ರಕ್ತನಾಳದೊಳಗೆ ಸುಲಭವಾಗಿ ನುಗ್ಗಲಾರದಷ್ಟು ದೊಡ್ಡದು. ಕೊಬ್ಬಿನಲ್ಲಿ ಮೈಯ ನೀರಿನಂಶದ ಜೊತೆ ಬೆರೆತು ತೆಳುವಾಗುತ್ತಾ ಆರು ಎರಡೆರಡಾಗಿ, ಎರಡು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಆಗ ಅಲ್ಲಿನ ಸಣ್ಣ ರಕ್ತನಾಳಗಳು ಅದನ್ನು ಎಳೆದುಕೊಳ್ಳುತ್ತವೆ. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಿ ಅನ್ನುವುದು ಇದಕ್ಕೇ. ಗುಂಪು ಬಿಡಿಸಿಕೊಳ್ಳಲು ಹೊತ್ತು ಬೇಕು. ನಿಧಾನದ 70 ಪಾಲು ಸಣ್ಣ ಸಣ್ಣ ಹರಳಿನ ರೂಪದಲ್ಲಿರುತ್ತದೆ, ಅದು ಇನ್ನೂ ನಿಧಾನಕ್ಕೆ ಗಂಟೆಗಟ್ಟಲೆ ಕರಗುತ್ತದೆ. ಬಾಟಲಿಯ ತಳದಲ್ಲಿ ಕೂರುವ ಬಿಳಿ ಪುಡಿ ಅದೇ. ಅಂಗೈಗಳ ನಡುವೆ 20 ಸಲ ಮೆಲ್ಲಗೆ ಉರುಳಿಸಿ ಹಾಲಿನ ಹಾಗೆ ಒಂದೇ ಸಮ ಮಾಡಿಕೊಳ್ಳದಿದ್ದರೆ ಒಂದು ದಿನ ಬೇಗದ್ದು ಜಾಸ್ತಿ, ಇನ್ನೊಂದು ದಿನ ನಿಧಾನದ್ದು ಜಾಸ್ತಿ ಬರುತ್ತದೆ.

ರಕ್ತಕ್ಕೆ ಸೇರಿದ ಮೇಲೆ ಇನ್ಸುಲಿನ್ನಿನ ಆಯಸ್ಸು ನಿಮಿಷಗಳ ಲೆಕ್ಕ. ಐದಾರು ನಿಮಿಷಕ್ಕೆ ಅರ್ಧ ಮುಗಿದಿರುತ್ತದೆ. ಅಷ್ಟರಲ್ಲೇ ಅದು ಸ್ನಾಯು, ಕೊಬ್ಬು, ಪಿತ್ತಜನಕಾಂಗದ ಜೀವಕೋಶಗಳ ಹೊರಗಿರುವ ಬೀಗಕ್ಕೆ ಕೀಲಿಯ ಹಾಗೆ ಕೂರುತ್ತದೆ. ಇನ್ಸುಲಿನ್ ಕೋಶದೊಳಗೆ ಹೋಗಿ ಕೆಲಸ ಮಾಡಬೇಕಾಗಿಲ್ಲ. ಬೀಗ ತಿರುಗಿದ ಸುದ್ದಿ ಒಳಗೆ ಹೋದರೆ, ಒಳಗೆ ಮಡಚಿಟ್ಟಿದ್ದ ಸಕ್ಕರೆಯ ಬಾಗಿಲುಗಳು ಕೋಶದ ಹೊರಮೈಗೆ ಬಂದು ತೆರೆದುಕೊಳ್ಳುತ್ತವೆ. ಸ್ನಾಯುವೂ ಕೊಬ್ಬೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಪಿತ್ತಜನಕಾಂಗಕ್ಕೆ ಹೋದ ಸುದ್ದಿ ಬೇರೆ: ಸದ್ಯ ಸಕ್ಕರೆ ಬಿಡಬೇಡ, ಕೂಡಿಡು. ರಾತ್ರಿ ಪೂರ್ತಿ ಉಪವಾಸ ಇದ್ದರೂ ಬೆಳಿಗ್ಗೆ ಶುಗರ್ ಏರುವುದು ಈ ಸುದ್ದಿ ಸರಿಯಾಗಿ ತಲುಪದೇ ಇದ್ದಾಗ.

ಈಗ ಆ ಗಂಟಿನ ವಿಷಯ. ಕೊಬ್ಬಿನ ಕೋಶಕ್ಕೆ ಇನ್ಸುಲಿನ್ ಕೊಡುವ ಸುದ್ದಿ "ತಗೋ, ಕೂಡಿಡು, ಬೆಳಿ" ಅಂತ. ಪ್ರತಿ ದಿನ ಅದೇ ಜಾಗದ ಕೋಶಗಳಿಗೆ ಅದೇ ಸುದ್ದಿ, ಅದೂ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜೋರಾಗಿ. ಅವು ಊದುತ್ತವೆ, ಬೆಳೆಯುತ್ತವೆ. ಮೊಂಡು ಸೂಜಿ ಅಲ್ಲೇ ಮತ್ತೆ ಮತ್ತೆ ಗಾಯ ಮಾಡಿದ್ದೂ ಸೇರಿ ಜಾಗ ಗಟ್ಟಿಯಾಗುತ್ತದೆ. ಅಂದರೆ ಆ ಗಂಟು ಇನ್ಸುಲಿನ್ ತಾನೇ ಕಟ್ಟಿಕೊಂಡ ಮನೆ. ಅಲ್ಲಿ ನೋವು ಕಮ್ಮಿ, ರಕ್ತದ ಓಡಾಟವೂ ಕಮ್ಮಿ. ಅಲ್ಲಿ ಬಿಟ್ಟ ಔಷಧಿ ಒಂದು ದಿನ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಇನ್ನೊಂದು ದಿನ ಹೇಗೋ ದಾರಿ ಹುಡುಕಿಕೊಂಡು ಹೊರಡುತ್ತದೆ. ನೋಟ್‌ಬುಕ್ಕಿನ 262, 96, 231, 118 ಬಂದದ್ದು ಇಲ್ಲಿಂದ.

ಗಂಗಮ್ಮ ಗಂಟಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನಾನು ಪ್ರಸಾದ ತಿಂದಿದ್ದಲ್ಲ" ಅಂದರು, ಸೊಸೆಯ ಕಡೆ ತಿರುಗಿ. ಸೊಸೆ ಅಳುವುದಕ್ಕೆ ಶುರು ಮಾಡಿದಳು.

ಆಮೇಲೆ ಅವಳೇ ಮೊಬೈಲಿನಲ್ಲಿ ನೋಡಿದ್ದ ಒಂದು ವಿಷಯ ಕೇಳಿದಳು. ವಾರಕ್ಕೊಂದೇ ಸೂಜಿ ಇದೆಯಂತಲ್ಲ, ಅತ್ತೆಗೆ ಅದನ್ನೇ ಕೊಡಿಸಬಹುದಾ? ಅವಳು ಹೇಳಿದ್ದು ಸೆಮಾಗ್ಲುಟೈಡ್. ಅದೂ ಪೆಪ್ಟೈಡೇ, 31 ಮೊಗ್ಗಿನ ಸರ. ಊಟವಾದಾಗ ಕರುಳು ಬಿಡುಗಡೆ ಮಾಡುವ ಜಿಎಲ್‌ಪಿ-1 ಅನ್ನುವ ಹಾರ್ಮೋನಿನ ಹೋಲಿಕೆಯದು. ಅಸಲಿ ಹಾರ್ಮೋನು ರಕ್ತದಲ್ಲಿ ಸುಮಾರು ಎರಡು ನಿಮಿಷಕ್ಕೇ ಅರ್ಧ ಕರಗುತ್ತದೆ. ಔಷಧಿ ಮಾಡುವವರು ಸರದ ಒಂದೆರಡು ಮೊಗ್ಗು ಬದಲಿಸಿ, ಪಕ್ಕಕ್ಕೆ ಕೊಬ್ಬಿನ ಒಂದು ಬಾಲ ಕಟ್ಟಿದರು. ಆ ಬಾಲ ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನನ್ನು ಹಿಡಿದುಕೊಂಡು ತೇಲುತ್ತದೆ, ಹಾಗಾಗಿ ವಾರಗಟ್ಟಲೆ ಉಳಿಯುತ್ತದೆ. ಅದೇ ಔಷಧಿಯ ಮಾತ್ರೆಯೂ ಇದೆ. ಆದರೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದು. ಅಷ್ಟು ಮಾಡಿದರೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ, ಹೊಟ್ಟೆ ಬಿಡಬೇಕಲ್ಲ. ಗಂಗಮ್ಮನಿಗೆ ಅದು ಬೇಕೋ ಬೇಡವೋ ಅಂತ ಡಾಕ್ಟರನ್ನು ಕೇಳಿದೆವು. ಇರುವ ಇನ್ಸುಲಿನ್ ಮೈಗೆ ಸರಿಯಾಗಿ ಸೇರುತ್ತಲೇ ಇಲ್ಲ, ಮೊದಲು ಅದನ್ನು ಸರಿ ಮಾಡೋಣ ಅಂದರು. ನನಗೂ ಅದೇ ಸರಿ ಅನ್ನಿಸಿತು.

ಎಷ್ಟು ಇಳಿಸುವುದು

ಇಲ್ಲಿಂದ ಮುಂದೆ ನಿಜವಾದ ಅಪಾಯ ಇತ್ತು. ಗಂಟಿನಲ್ಲಿ 66 ಯೂನಿಟ್ ಚುಚ್ಚಿದರೆ ಅದರಲ್ಲಿ ಎಷ್ಟೋ ಪೋಲಾಗುತ್ತಿತ್ತು. ಅದೇ 66ನ್ನು ಒಳ್ಳೆಯ ಜಾಗಕ್ಕೆ ಚುಚ್ಚಿದರೆ ಪೂರ್ತಿ ರಕ್ತಕ್ಕೆ ಸೇರಿ ಶುಗರ್ ಪಾತಾಳಕ್ಕೆ ಇಳಿಯಬಹುದು. ಜಾಗ ಬದಲಿಸಿ ಅಂತ ಬಾಯಿಮಾತಿನಲ್ಲಿ ಹೇಳಿ ಕಳಿಸುವವರು ಇದನ್ನು ಮರೆಯುತ್ತಾರೆ. ಓದುತ್ತಿರುವವರಲ್ಲಿ ಯಾರಿಗಾದರೂ ಹೊಟ್ಟೆಯಲ್ಲಿ ಇಂಥ ಗಂಟು ಸಿಕ್ಕಿದರೆ ದಯವಿಟ್ಟು ನೀವೇ ಜಾಗ ಬದಲಿಸಿಬಿಡಬೇಡಿ, ನೀವೇ ಡೋಸ್ ಇಳಿಸಬೇಡಿ. ಡಾಕ್ಟರಿಗೆ ಗಂಟು ತೋರಿಸಿ.

ನಮ್ಮ ಡಾಕ್ಟರು ಸುಮಾರು ಐದನೇ ಒಂದು ಪಾಲು ಇಳಿಸಿದರು. ಬೆಳಿಗ್ಗೆ 28, ರಾತ್ರಿ 24. ದಿನಕ್ಕೆ ನಾಲ್ಕು ಸಲ ಶುಗರ್ ನೋಡುವುದು, ಬೇಕೆನಿಸಿದರೆ ರಾತ್ರಿ 2 ಗಂಟೆಗೂ ಒಮ್ಮೆ. ಸಂಜೆ ನನಗೆ ಫೋನ್ ಮಾಡುವುದು. ಸೂಜಿ ಪ್ರತಿ ಸಲ ಹೊಸದು. ಚರ್ಮ ಚಿಟಿಕೆಯಲ್ಲಿ ಎತ್ತಿ ಚುಚ್ಚಿ, ಹತ್ತು ಎಣಿಸಿ ಆಮೇಲೆ ಸೂಜಿ ತೆಗೆಯುವುದು.

ಜಾಗ ನೆನಪಿಡುವುದಕ್ಕೆ ನಾನು ಹೊಟ್ಟೆಯ ಚಿತ್ರ ಬರೆದ ಒಂದು ಹಾಳೆ ಕೊಟ್ಟೆ. ಮೂರನೇ ದಿನ ಬಂದಾಗ ಹಾಳೆ ಇರಲಿಲ್ಲ. ಗಂಗಮ್ಮ ಸೊಂಟದ ಚೀಲದಿಂದ ಒಂದು ಬಾಳೆ ನಾರು ತೆಗೆದರು, ಹೂ ಕಟ್ಟುವ ನಾರು. ಅದರಲ್ಲಿ ಒಂದೊಂದು ಬೆರಳು ಅಂತರಕ್ಕೆ ಏಳು ಗಂಟು ಹಾಕಿದ್ದರು. ಹೊಕ್ಕುಳಿಂದ ಎರಡು ಬೆರಳು ಬಿಟ್ಟು, ಹಳೇ ಗಂಟಿಗೆ ತಾಗದ ಹಾಗೆ ನಾರು ಇಟ್ಟುಕೊಳ್ಳುವುದು. ಭಾನುವಾರ ಮೊದಲ ಗಂಟು, ಸೋಮವಾರ ಎರಡನೆಯದು. ಬೆಳಿಗ್ಗೆ ಬಲಕ್ಕೆ, ರಾತ್ರಿ ಎಡಕ್ಕೆ. ವಾರ ಮುಗಿದ ಮೇಲೆ ನಾರನ್ನೇ ಎರಡು ಬೆರಳು ಕೆಳಗೆ ಸರಿಸುವುದು. ನನ್ನ ಹಾಳೆಗಿಂತ ಇದು ಎಷ್ಟೋ ಚೆನ್ನಾಗಿತ್ತು. ನಾರನ್ನು ಚೆನ್ನಾಗಿ ತೊಳೆದು ಒಣಗಿಸಿ ಬಳಸಿ, ಆಗಾಗ ಹೊಸದು ಮಾಡಿಕೊಳ್ಳಿ ಅಂತಷ್ಟೇ ಹೇಳಿದೆ.

ನಾಲ್ಕನೇ ರಾತ್ರಿ 2 ಗಂಟೆಗೆ ಫೋನ್ ಬಂತು. "ಅತ್ತೆ ಬೆವರಿ ಒದ್ದೆ ಆಗಿದ್ದಾರೆ ಸಿಸ್ಟರ್, ಕೈ ನಡುಗ್ತಿದೆ. ಮೀಟರ್ 58 ತೋರಿಸ್ತಿದೆ." 70ಕ್ಕಿಂತ ಕೆಳಗೆ ಹೋದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಕೊಟ್ಟಿದ್ದೆ. ಅವಳು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿಯೇ ಫೋನ್ ಮಾಡಿದ್ದಳು. ಗಂಗಮ್ಮನಿಗೆ ಎಚ್ಚರ ಇತ್ತು, ನುಂಗಲು ಬರುತ್ತಿತ್ತು. 15 ನಿಮಿಷ ಬಿಟ್ಟು ನೋಡಿದಾಗ 84. ಎರಡು ಬಿಸ್ಕತ್ತು ತಿನ್ನಿಸಿದಳು. ಮೂರು ಗಂಟೆಗೆ 112. ಅಲ್ಲಿಯವರೆಗೂ ನಾನು ಫೋನ್ ಇಡಲಿಲ್ಲ.

ಬೆಳಿಗ್ಗೆ ಡಾಕ್ಟರ ಜೊತೆ ಕೂತು ನೋಡಿದೆವು. ರಾತ್ರಿಯ ಡೋಸನ್ನು ನಾವು ಸಾಕಷ್ಟು ಇಳಿಸಿರಲಿಲ್ಲ. ನಿಧಾನದ ಪಾಲು ಹೆಚ್ಚು ಜೋರಾಗುವುದು ಚುಚ್ಚಿದ ಕೆಲವು ಗಂಟೆಗಳ ನಂತರ, ಅಂದರೆ ಮಧ್ಯರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಊಟ ಇರುವುದಿಲ್ಲ. ಹೊಸ ಜಾಗದಿಂದ ಔಷಧಿ ಪೂರ್ತಿ ಬರುತ್ತಿದೆ. ಎರಡೂ ಡೋಸನ್ನು ಒಂದೇ ಅಳತೆಯಲ್ಲಿ ಇಳಿಸಿದ್ದು ನಮ್ಮ ತಪ್ಪು. ರಾತ್ರಿಯದನ್ನು 24ರಿಂದ 18ಕ್ಕೆ ತಂದರು. ಮುಂದಿನ ಮೂರು ವಾರದಲ್ಲಿ ನೋಟ್‌ಬುಕ್ ನೋಡಿಕೊಂಡು ಬೆಳಿಗ್ಗೆ 26, ರಾತ್ರಿ 16ಕ್ಕೆ ನಿಂತಿತು. ಒಟ್ಟು 42.

ಆ ರಾತ್ರಿಯ ನಂತರ ಗಂಗಮ್ಮ ಹೆದರಿ ಹಳೇ ಜಾಗಕ್ಕೆ ವಾಪಸ್ ಹೋಗುತ್ತಾರೆ ಅಂತ ನನಗೆ ಭಯ ಇತ್ತು. ಕೇಳಿದೆ. "ಔಷಧಿ ಈಗ ಒಳಗೆ ಹೋಗ್ತಾ ಇದೆ ಅಂತ ಗೊತ್ತಾಯ್ತಲ್ಲ ತಾಯಿ" ಅಂದರು. ಶುಗರ್ ಇಳಿದದ್ದನ್ನು ಅವರು ಹಾಗೆ ಅರ್ಥ ಮಾಡಿಕೊಂಡಿದ್ದರು. ಅವತ್ತು ಕೂತು ಮಾತಾಡಿದ ಒಂದು ಗಂಟೆ ಕೆಲಸಕ್ಕೆ ಬಂತು ಅಂತ ನನಗೆ ಗಟ್ಟಿಯಾಗಿದ್ದು ಆಗಲೇ.

ಆಮೇಲೆ

ಮೂರು ತಿಂಗಳಿಗೆ ಎಚ್‌ಬಿಎ1ಸಿ 8.1. ಆರು ತಿಂಗಳಿಗೆ 7.6. ಊಟ ಮೊದಲಿನ ಹಾಗೇ, ಔಷಧಿ ಮಾತ್ರ 66ರಿಂದ 42. ಒಂದು ಬಾಟಲಿಯಲ್ಲಿ 10 ಮಿ.ಲೀ., ಅಂದರೆ 400 ಯೂನಿಟ್. ಮೊದಲು ಆರು ದಿನಕ್ಕೆ ಮುಗಿಯುತ್ತಿದ್ದದ್ದು ಈಗ ಒಂಬತ್ತು ದಿನ ದಾಟುತ್ತದೆ. ದಿನದ ದುಡಿಮೆಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಹೋಗಿ ಬರುತ್ತಿದ್ದಾಗ ಬಾಟಲಿ ಎಲ್ಲಿಡುವುದು ಅಂತ ಯೋಚನೆ ಬಂತು. ನಾನು ಹೇಳುವ ಮೊದಲೇ ಅವರು ಹೇಳಿದರು: "ಹೂವಿನ ಥರಾನೇ ಅಲ್ವಾ? ಬಿಸಿಲಿಗೆ ಬಾಡುತ್ತೆ, ಐಸ್ ತಾಗಿದ್ರೆ ಕಪ್ಪಾಗುತ್ತೆ." ಮಣ್ಣಿನ ಮಡಕೆಯ ತಳಕ್ಕೆ ಒದ್ದೆ ಮರಳು ಹಾಕಿ, ಒಳಗೊಂದು ಚಿಕ್ಕ ಕುಡಿಕೆ ಇಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿಟ್ಟರು. ಬಳಸುತ್ತಿರುವ ಬಾಟಲಿಗೆ ಅಷ್ಟು ತಂಪು ಸಾಕು. ತೆರೆಯದ ಬಾಟಲಿ ಮಾತ್ರ 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲೇ ಇರಬೇಕು, ಅದನ್ನು ಮೆಡಿಕಲ್ ಸ್ಟೋರ್‌ನಿಂದ ಒಂದೊಂದೇ ತರುತ್ತಾರೆ.

ನಮ್ಮ ಕ್ಲಿನಿಕ್‌ನಲ್ಲಿ ಆಗಿರುವ ಬದಲಾವಣೆ ಒಂದೇ. ಇನ್ಸುಲಿನ್ ಡೋಸ್ ಏರಿಸಬೇಕು ಅಂತ ಚೀಟಿ ಬರೆಯುವ ಮೊದಲು ಡಾಕ್ಟರು "ಹೊಟ್ಟೆ ನೋಡಿದ್ರಾ?" ಅಂತ ನನ್ನನ್ನು ಕೇಳುತ್ತಾರೆ. ನಾನು ಜೆಲ್ ಸವರಿಕೊಂಡು ಹೊಟ್ಟೆ, ತೊಡೆ, ತೋಳು ಒತ್ತಿ ನೋಡುತ್ತೇನೆ. ಒಂದು ಸಲ ನನ್ನ ಎದುರಿಗೇ ಚುಚ್ಚಿಕೊಳ್ಳಲು ಹೇಳುತ್ತೇನೆ. ಎರಡಕ್ಕೂ ಸೇರಿ ಹತ್ತು ನಿಮಿಷ. ಊಟದ ವಿಷಯ ಅದಾದ ಮೇಲೆ ಕೇಳುತ್ತೇನೆ. ಪ್ರಸಾದದ ಮಾತು ನಾನಾಗಿಯೇ ಎತ್ತುವುದನ್ನು ಬಿಟ್ಟಿದ್ದೇನೆ.

ಗಂಗಮ್ಮನ ಬಲಗಡೆಯ ಗಂಟು ಮೆತ್ತಗಾಗಿ ಈಗ ಬೆರಳಿಗೆ ಸಿಗುವುದೇ ಕಷ್ಟ. ಎಡಗಡೆಯದು ಇನ್ನೂ ಇದೆ, ಗೋಲಿಯಷ್ಟು. ಕಳೆದ ವಾರ ಬಂದಾಗ ನನ್ನ ಟೇಬಲ್ ಮೇಲೆ ಒಂದು ಬಾಳೆ ಎಲೆಯ ಪೊಟ್ಟಣ ಇಟ್ಟರು. ಮಲ್ಲಿಗೆ ಅಂದುಕೊಂಡು ಬಿಚ್ಚಿದೆ. ಒಳಗೆ ಏಳೇಳು ಗಂಟು ಹಾಕಿದ ಹತ್ತು ನಾರುಗಳಿದ್ದವು. "ಬೇರೆಯವರಿಗೆ ಕೊಡಿ" ಅಂತ ಹೇಳಿ, ಹೂವಿನ ಬುಟ್ಟಿ ಎತ್ತಿಕೊಂಡು ಹೊರಟರು. ಅದರಲ್ಲಿ ಮೂರು ಈಗಾಗಲೇ ಖರ್ಚಾಗಿವೆ.